12ನೇ ಪ್ರಶ್ನೆ ಎಲ್ಲಿ ಬರುತ್ತೆ ಅಂದ್ಕೊಂಡು ಕೆಟ್ಟೆ

ನಾನು ಶಾಸಕಿಯೊಬ್ಬರ ಪಿಎ ಆಗಿದ್ದಾಗಿನ ಮಾತು. ಸೆಷನ್ ಬಂತಂದ್ರೆ ಶಾಸಕರ ಭವನದಿಂದ ವಿಧಾನಸೌಧಕ್ಕೆ ಫೈಲ್ ಹೊರೋದೇ ಕೆಲಸ, ಮೇಲಿಂದ ನಮ್ಮ ಪ್ರಿಂಟರ್‌ಗೆ ಅವತ್ತೇ ರೋಗ. ಮೇಡಂದು ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿಗಳು ಸದನದಲ್ಲಿ ಬಾಯಲ್ಲೇ ಉತ್ತರ ಕೊಡಬೇಕಾದ್ದು) ಲಿಸ್ಟಲ್ಲಿ 12ನೇದು, ಊರಿನ ಕೆರೆ ಕೋಡಿ ಕಾಲುವೆ ಒತ್ತುವರಿ ಬಗ್ಗೆ. ಮೊದಲ ನಾಲ್ಕಕ್ಕೇ ಗಲಾಟೆ ಆಗುತ್ತೆ, ಮಿಕ್ಕಿದ್ದಕ್ಕೆ ಉತ್ತರ ಮಂಡಿಸಿದೆ ಅಂತ ಮುಗಿಸ್ತಾರೆ ಅಂತ ಲೆಕ್ಕ ಹಾಕ್ಬಿಟ್ಟೆ. ಮಧ್ಯಾಹ್ನ ಅಂಗನವಾಡಿ ಬಗ್ಗೆ ಗಮನ ಸೆಳೆಯೋ ಸೂಚನೆ ಇತ್ತಲ್ಲ, ಆ ಫೈಲಿಗೆ ನೀಟಾಗಿ ಫ್ಲ್ಯಾಗ್ ಅಂಟಿಸಿ ಕೊಟ್ಟೆ. ಕಾಲುವೆದು ರೂಮಲ್ಲೇ, ಮಂಚದ ಮೇಲೆ.

ಅವತ್ತೇ ಗಲಾಟೆ ಇಲ್ಲ! ಪ್ರಶ್ನೆ ಕೊಟ್ಟೋರಲ್ಲಿ ಮೂರ್ನಾಲ್ಕು ಜನ ಗೈರು, ಸುಮಾರು ಪ್ರಶ್ನೆಗೆ ಉಪಪ್ರಶ್ನೆನೇ ಇಲ್ಲ. ಟಿವಿ ಮುಂದೆ ಕಾಫಿ ಹಿಡ್ಕೊಂಡು ನಿಂತಿದ್ದೆ, 9 ಅಂದ್ರು, 10 ಅಂದ್ರು, ನನ್ನ ಕೈಕಾಲು ತಣ್ಣಗಾಯ್ತು. ಭವನಕ್ಕೆ ಓಡಿ ಹೋಗಿ, ಫೈಲ್ ತಂದು ಸದನದ ಮಾರ್ಷಲ್ ಕೈಗೆ ಕೊಡೋಷ್ಟು ಟೈಮಿಲ್ಲ. ಮೇಡಂ ಫೈಲ್ ತೆಗೆದ್ರು, ಒಂದು ಹಾಳೆ ತಿರುವಿದ್ರು, ಮುಚ್ಚಿದ್ರು. ಆ ಮುಚ್ಚಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ.

"ಮಾನ್ಯ ಸಭಾಧ್ಯಕ್ಷರೇ, ನಕ್ಷೆಲಿ ಕಾಲುವೆ 24 ಅಡಿ. ನಾನೇ ಟೇಪ್ ಹಿಡಿದಾಗ ಸಿಕ್ಕಿದ್ದು 9. ಮಿಕ್ಕ 15 ಅಡಿ ಎಲ್ಲಿ ಹೋಯ್ತು?" ಮೇಡಂ ಗ್ರಾಮ ಪಂಚಾಯ್ತಿಯಿಂದ ಮೇಲೆ ಬಂದೋರು, ಸರ್ವೆ ನಂಬರ್ ಸಮೇತ ಬಾಯಲ್ಲೇ ಹೇಳಿದ್ರು. ಮಂತ್ರಿಗಳು ವರದಿ ತರಿಸ್ಕೋತೀನಿ ಅಂದ್ರು. ನಾನು ತಣ್ಣಗಾದ ಕಾಫಿ ಕುಡಿದೆ.

ಸಾಯಂಕಾಲ ಬೈಗುಳಕ್ಕೆ ರೆಡಿಯಾಗಿ ಹೋದೆ. "ಹೆಂಗಸು ಅಂತ ಅಂಗನವಾಡಿದು ಕೊಟ್ಯೇನಪ್ಪಾ?" ಅಂದ್ರು ಅಷ್ಟೇ. ಇಲ್ಲ ಮೇಡಂ, ಪ್ರಶ್ನೆ ನಂಬರ್ ನೋಡಿ ಕೊಟ್ಟೆ ಅಂದೆ. ಅರ್ಧ ಸುಳ್ಳು. 224ರ ಸದನಕ್ಕೆ 2023ರಲ್ಲೂ ಗೆದ್ದು ಬಂದ ಹೆಂಗಸರು 10 ಜನ, ಅವ್ರಿಗೆ ಮಕ್ಕಳು, ಮಡಿಲು, ಪೌಷ್ಟಿಕ ಆಹಾರನೇ ಸಬ್ಜೆಕ್ಟು ಅಂತ ನಮ್ಮಂಥೋರೇ ಹಂಚಿರ್ತೀವಿ. ಇದೇ ಸದನದ ಸಭಾಧ್ಯಕ್ಷರ ಪೀಠದಲ್ಲಿ 1972ರಲ್ಲೇ ಕೆ.ಎಸ್. ನಾಗರತ್ನಮ್ಮ ಕೂತಿದ್ರು ಅನ್ನೋದು ನನಗೆ ಗೊತ್ತಿತ್ತು, ಆದ್ರೂ.

ಶನಿವಾರ ರಾತ್ರಿ ಫೋನ್ ಬಂತು. "ಮೆಜೆಸ್ಟಿಕ್‌ನಲ್ಲಿ ಕೊನೇ ಬಸ್ ಹಿಡಿದು ಊರಿಗೆ ಬಾ, ಬೆಳಗ್ಗೆ ಆರಕ್ಕೆ ಕಾಲುವೆ ಹತ್ರ ಇರು. ಟೇಪಿನ ಇನ್ನೊಂದು ತುದಿ ನೀನು ಹಿಡ್ಕೋಬೇಕು."