ಕೋಸಿನ ಬುಡದಲ್ಲಿ ಸಿಕ್ಕ ಹುಲ್ಲು

ಮುಳಬಾಗಿಲು ಕಡೆಯ ನಮ್ಮ ಕೆಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಟೊಮೆಟೊ ಮೇಲೆ ಟೊಮೆಟೊನೇ ಇಟ್ಟಿದ್ದೆವು. ಪ್ರತಿ ಸಲವೂ ಡಿಎಪಿ, ಪೊಟ್ಯಾಷ್, ಯೂರಿಯಾ ಎಂದು ಚೀಲದ ರಾಸಾಯನಿಕ ಗೊಬ್ಬರವೇ. ತಿಪ್ಪೆ ಗೊಬ್ಬರ ಮರೆತೇ ಹೋಗಿತ್ತು. ಒಂದು ಮಳೆ ಬಿದ್ದು ಬಿಸಿಲು ಬಂದರೆ ಸಾಕು, ಮಣ್ಣಿನ ಮೇಲೆ ಹಪ್ಪಳದಂಥ ಪದರ ಏಳುತ್ತಿತ್ತು. ಮಣ್ಣು ಪರೀಕ್ಷೆ ಮಾಡಿಸಿದಾಗ ಚೀಟಿಯಲ್ಲಿ ಸಾವಯವ ಇಂಗಾಲ, ಅಂದರೆ ಕೊಳೆತ ಕಸಕಡ್ಡಿ, ಗೊಬ್ಬರದಿಂದ ಮಣ್ಣಿಗೆ ಸೇರುವ ಸತ್ವದ ಅಳತೆ, ಶೇ 0.38 ಎಂದು ಬಂತು. 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದೇ ಲೆಕ್ಕ.

ನನಗೆ ರೋಷ ಬಂತು. ಟೊಮೆಟೊ ಕಿತ್ತು ಇಪ್ಪತ್ತು ಗುಂಟೆಗೆ ಕೋಸು ಇಟ್ಟೆ, ಚೀಲದ ಗೊಬ್ಬರ ಒಂದು ಹಿಡಿಯೂ ಬೇಡ ಎಂದು ಹಟ ಹಿಡಿದೆ. ಮೂರು ಲೋಡ್ ಕೊಟ್ಟಿಗೆ ಗೊಬ್ಬರ ಹೊಡೆಸಿ, ಉಳುಮೆ ಮಾಡಿ, ವಾರದೊಳಗೆ ಸಸಿ ನಾಟಿಯಾಯಿತು.

ಇಪ್ಪತ್ತೈದು ದಿನಕ್ಕೆ ಸಸಿ ನಿಂತಲ್ಲೇ ನಿಂತಿತ್ತು. ಕೆಳಗಿನ ಎಲೆಗಳೆಲ್ಲ ಹಳದಿ. ಅವತ್ತು ಬೆಳಗ್ಗೆ ಪಕ್ಕದ ಹೊಲದ ಮಾವ ಬದು ದಾಟಿ ಬಂದರು. ಮಾತಾಡದೆ ಒಂದು ಬುಡದ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದಲೇ ಮಣ್ಣು ಕೆದಕಿದರು. ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಹಾಕಿದರು. ಗೊಬ್ಬರದ ಜೊತೆ ಬಂದ ರಾಗಿ ಹುಲ್ಲಿನ ಕಡ್ಡಿ, ಇನ್ನೂ ಹಳದಿಯಾಗಿಯೇ ಇತ್ತು. ಮುರಿದರೆ ಪಟ್ ಅಂತು.

"ಅರ್ಧ ಬೆಂದ ಅನ್ನ ಇಕ್ಕಿದ್ದೀಯ ಕಣಪ್ಪ," ಅಂದರು. "ಇದು ಕಳಿಯೋಕೆ ಶುರುವಾದ್ರೆ ಮಣ್ಣಲ್ಲಿರೋ ಸಾರ ಮೊದಲು ತಾನೇ ಎಳ್ಕೊಳ್ತದೆ. ಸಸಿಗೆ ಆಮೇಲೆ."

ಮಾವ ಹೇಳಿದ್ದು ಅಕ್ಷರಶಃ ನಿಜ. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಹುಲ್ಲಿನಲ್ಲಿ ಅದು ತೀರಾ ಕಡಿಮೆ ಇರುವುದರಿಂದ ಮಣ್ಣಿನಲ್ಲಿದ್ದದ್ದನ್ನು ಹಿಡಿದಿಟ್ಟುಕೊಳ್ಳುತ್ತವೆ. ಚೆನ್ನಾಗಿ ಕಳಿತ ಗೊಬ್ಬರದಲ್ಲೂ ಟನ್ನಿಗೆ ಐದು ಕೆಜಿ ಆಸುಪಾಸು ಸಾರಜನಕ ಇದ್ದೀತು, ಅದರಲ್ಲೂ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು ಮಾತ್ರ. ಕೋಸಿನಂಥ ಹೊಟ್ಟೆಬಾಕ ಬೆಳೆಗೆ ಅದು ಸಾಲದು.

"ಚೀಲ ಮುಟ್ಟಲ್ಲ ಅಂದಿದ್ದೆನಲ್ಲ ಮಾವ" ಅಂದೆ. ಗಂಟಲು ಕಟ್ಟಿತ್ತು. ಅವರು ಬೈಯಲಿಲ್ಲ. "ಮುಟ್ಟು, ಆದ್ರೆ ಅಳತೆಯಲ್ಲಿ ಮುಟ್ಟು" ಅಂದರು.

45 ಕೆಜಿ ಚೀಲದಲ್ಲಿ ಮೂರನೇ ಒಂದು ಪಾಲು, ಅಂದರೆ 15 ಕೆಜಿ ಯೂರಿಯಾ ಅಳೆದು, ಬುಡದಿಂದ ನಾಲ್ಕು ಬೆರಳು ದೂರ ಗೀರು ಎಳೆದು ಹಾಕಿ ಮಣ್ಣು ಮುಚ್ಚಿ ನೀರು ಬಿಟ್ಟೆವು. ಹತ್ತು ದಿನಕ್ಕೆ ಸುಳಿ ಹಸಿರಾಯಿತು. ಆಮೇಲೆ ಇನ್ನೊಂದು ಸಲ ಅಷ್ಟೇ. ಗಡ್ಡೆ ಸಣ್ಣದಾದರೂ ಬೆಳೆ ಕೈಗೆ ಬಂತು.

ಕೋಸಾದ ಮೇಲೆ ಹುರುಳಿಕಾಯಿ ಇಡುವ ಮನಸ್ಸಿತ್ತು. ಆದರೆ ಗಾಳಿಯ ಸಾರಜನಕ ಹಿಡಿಯುವುದರಲ್ಲಿ ಅದು ಹಿಂದೆ, ಅಲಸಂದೆ ವಾಸಿ. ಅಲಸಂದೆಗೆ ಯೂರಿಯಾ ಹಾಕಲೇ ಇಲ್ಲ. ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನು ಹಸಿಯಾಗಿರುವಾಗಲೇ ಉತ್ತು ಮಣ್ಣಿಗೆ ಸೇರಿಸಿದೆವು. ಅದಕ್ಕೂ ಮುಂಚೆ ಒಂದು ಗಿಡ ಕಿತ್ತು, ಸಾರಜನಕ ಹಿಡಿಯುವ ಬೇರಿನ ಗಂಟನ್ನು ಉಗುರಿನಿಂದ ಒಡೆದು ನೋಡಿದ್ದೆ, ಒಳಗೆ ನಸುಗೆಂಪು. ಕೆಲಸ ಮಾಡುತ್ತಿರುವ ಗಂಟಿನ ಬಣ್ಣವೇ ಅದು. ಅಮ್ಮನನ್ನು ಕರೆದು ತೋರಿಸಿದ್ದೆ.

ಈಗ ತಿಪ್ಪೆಯನ್ನು ಮಳೆಗೆ ಬಿಡದೆ ಗುಂಡಿಯಲ್ಲಿ ಮುಚ್ಚಿಡುತ್ತೇವೆ. ಲೋಡ್ ತುಂಬಿಸುವ ಮುಂಚೆ ಮೊಣಕೈವರೆಗೂ ಕೈ ತೂರಿಸಿ ನೋಡುತ್ತೇನೆ. ಒಳಗೆ ಬಿಸಿ ಇದ್ದರೆ ಇನ್ನೂ ಕಳಿತಿಲ್ಲ ಎಂದರ್ಥ, ಟ್ರಾಕ್ಟರಿನವನಿಗೆ ಮುಂದಿನ ತಿಂಗಳು ಬಾ ಅನ್ನುತ್ತೇನೆ.