ಎಸ್ಟೀಮ್ ಕಾರಿಗೆ ರೋಲ್ ಕೇಜ್ ಮತ್ತು ಹಾರ್ನೆಸ್: ಅಂತರಸನಹಳ್ಳಿ ಶೆಡ್‌ನ ಕೆಲಸದ ದಾಖಲೆ

ಡಿಸೆಂಬರ್ 8

ಮನೆಯವರನ್ನೆಲ್ಲ ಏಳೆಂಟು ವರ್ಷ ಹೊತ್ತು ತಿರುಗಿದ ನಮ್ಮ ಮಾರುತಿ ಎಸ್ಟೀಮ್ ಇಂದು ತುಮಕೂರಿನ ಬಟವಾಡಿಯ ಮನೆಯಿಂದ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಬಾಡಿಗೆ ಶೆಡ್‌ಗೆ ಬಂದಿದೆ. ರಸ್ತೆಯ ಮೇಲೆ ಇದು ಅದರ ಕೊನೆಯ ಪ್ರಯಾಣ. ಅದರೊಳಗೆ ರೋಲ್ ಕೇಜ್, ಅಂದರೆ ಕಾರು ಮಗುಚಿದರೂ ಚಾಲಕನನ್ನು ಕಾಯುವ ಉಕ್ಕಿನ ಕೊಳವೆಗಳ ಗೂಡು, ಮತ್ತು ಹಾರ್ನೆಸ್, ಅಂದರೆ ಹೆಗಲು-ಸೊಂಟಗಳನ್ನು ಆಸನಕ್ಕೆ ಬಿಗಿಯುವ ಹಲವು ಪಟ್ಟಿಗಳ ಬೆಲ್ಟ್, ಕೂರಿಸಲಿದ್ದೇವೆ. ಇನ್ನು ಅದು ಟ್ರ್ಯಾಕ್ ಡೇಗಳಿಗೆ (ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಕಾರು ಓಡಿಸುವ ದಿನಗಳಿಗೆ) ಮಾತ್ರ, ಅದೂ ಲಾರಿಯ ಮೇಲೆ ಕುಳಿತು ಹೋಗಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊರತಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದು ಒಂದು ಕಾರಣ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ: ಹೆಲ್ಮೆಟ್ ಇಲ್ಲದ ತಲೆಯಿಂದ ಒಂದು ಗೇಣು ದೂರದಲ್ಲಿ ಉಕ್ಕಿನ ಕೊಳವೆ ಇರುವ ಕಾರನ್ನು ಬಿ.ಎಚ್. ರಸ್ತೆಯ ಸಂಚಾರಕ್ಕೆ ಒಯ್ದರೆ, ಬಂಪರ್ ಮಾತ್ರ ನೆಗ್ಗಬೇಕಾಗಿದ್ದ ಸಣ್ಣ ಡಿಕ್ಕಿಯಲ್ಲಿ ತಲೆಬುರುಡೆಯೇ ಒಡೆಯಬಹುದು.

ಎಂಜಿನ್ನಿಗೆ ಏನೂ ಮಾಡಿಲ್ಲ, ಮಾಡುವ ಆಸೆಯೂ ಸದ್ಯಕ್ಕಿಲ್ಲ. 1.3 ಲೀಟರಿನ, 16 ವಾಲ್ವ್‌ಗಳ, 85 ಅಶ್ವಶಕ್ತಿಯ ಎಂಜಿನ್ ಈ ಹಗುರ ಕಾರಿಗೆ ಸಾಕು. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯ 3.7 ಕಿ.ಮೀ. ಟ್ರ್ಯಾಕ್‌ನಲ್ಲಿ ಕಳೆದ ಬಾರಿ ಓಡಿಸಿದಾಗ ನನಗೆ ಕೊರತೆಯೆನಿಸಿದ್ದು ವೇಗವಲ್ಲ. ಪ್ರತಿ ತಿರುವಿನಲ್ಲೂ ಆಸನದಿಂದ ಜಾರದಿರಲು ಬಲ ಮೊಣಕಾಲನ್ನು ಬಾಗಿಲಿಗೆ ಒತ್ತಿ ಹಿಡಿದಿದ್ದೆ, ಸ್ಟೀರಿಂಗ್ ಚಕ್ರವನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಜೋತು ಬಿದ್ದಿದ್ದೆ.

ಡಿಸೆಂಬರ್ 21

ಒಳಾಂಗಣವೆಲ್ಲ ಹೊರಬಂದಿದೆ. ಆಸನಗಳು, ಕಾರ್ಪೆಟ್, ಛಾವಣಿಯ ಬಟ್ಟೆ, ಡ್ಯಾಶ್‌ಬೋರ್ಡ್ ಬಿಚ್ಚಲು ಒಂದು ದಿನ ಸಾಕಾಯಿತು. ನೆಲಕ್ಕೆ ಅಂಟಿಸಿದ ಸದ್ದುತಡೆ ಟಾರು ಹಾಳೆಯನ್ನು ಹೀಟ್ ಗನ್‌ನಿಂದ ಕಾಯಿಸಿ ಪಟ್ಟಿ ಬ್ಲೇಡಿನಿಂದ ಹೆರೆಯಲು ಐದು ಸಂಜೆ ಬೇಕಾದವು. ಟಾರಿನ ಅಡಿಯಲ್ಲಿ, ಚಾಲಕನ ಹಿಮ್ಮಡಿಯ ಜಾಗದಲ್ಲಿ, ಅಂಗೈ ಅಗಲದ ತುಕ್ಕು ಸಿಕ್ಕಿತು. ಅದನ್ನು ಕತ್ತರಿಸಿ ಹೊಸ ತಗಡು ಹಾಕಿದೆವು. ಕೇಜ್‌ನ ಕಾಲು ನಿಲ್ಲುವುದು ಅಲ್ಲೇ ಆದ್ದರಿಂದ ಮೊದಲೇ ಕಣ್ಣಿಗೆ ಬಿದ್ದದ್ದು ಒಳ್ಳೆಯದಾಯಿತು. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಮತ್ತು ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಇಸಿಯು ಪೆಟ್ಟಿಗೆಯನ್ನು ಶೆಡ್‌ನಿಂದಲೇ ಹೊರಗೆ ಸಾಗಿಸಿದ್ದೇವೆ. ವೆಲ್ಡಿಂಗ್ ಮಾಡುವ ಕಡೆ ಇವು ಮೂರೂ ಇರಬಾರದು.

ಜನವರಿ 4

ಕೊಳವೆಯ ವಿಷಯ. ನಮ್ಮ ವೆಲ್ಡಿಂಗ್ ಅಣ್ಣ ಲಾರಿ ಬಾಡಿ ಕಟ್ಟುವುದರಲ್ಲಿ ಪಳಗಿದವರು. ನಕ್ಷೆ ನೋಡಿ ಅವರು ಮೊದಲು ಹೇಳಿದ್ದು, "ಇದಕ್ಕೆ ಬಿ-ಕ್ಲಾಸ್ ನೀರಿನ ಪೈಪೇ ಸಾಕು ಸಾರ್, ಆನೆ ಹತ್ತಿದರೂ ಏನಾಗಲ್ಲ" ಎಂದು. ಆನೆ ನಿಧಾನವಾಗಿ ಹತ್ತುತ್ತದೆ; ಕಾರು ಹಾಗೆ ಮಗುಚುವುದಿಲ್ಲ. ಹಠಾತ್ ಪೆಟ್ಟಿಗೆ ಸಿಕ್ಕಿದ ಕೊಳವೆ ಬಿರುಕು ಬಿಡದೆ, ಬಾಗುತ್ತಾ ಆ ಪೆಟ್ಟಿನ ಶಕ್ತಿಯನ್ನು ನುಂಗಬೇಕು. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ ನಿಯಮಾವಳಿಯ ಜೆ ಅನುಬಂಧದ 253ನೇ ವಿಧಿ ಅದಕ್ಕಾಗಿಯೇ ಇಂಗಾಲದ ಅಂಶ ಶೇ. 0.3 ಮೀರದ, ಕನಿಷ್ಠ 350 ನ್ಯೂಟನ್/ಚ.ಮಿ.ಮೀ. ಕರ್ಷಣ ಬಲವಿರುವ, ತಣ್ಣಗೆ ಎಳೆದ, ಬೆಸುಗೆಯ ಗೆರೆಯಿಲ್ಲದ (ಸೀಮ್‌ಲೆಸ್) ಕೊಳವೆಯನ್ನು ಕೇಳುತ್ತದೆ. ಚಾಲಕನ ಬೆನ್ನಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಉಳಿದ ಕೊಳವೆಗಳಿಗೆ 38 ಮಿ.ಮೀ. ವ್ಯಾಸ ಮತ್ತು ಅದೇ ದಪ್ಪ. ಟ್ರ್ಯಾಕ್ ಡೇಗೆ ಬರುವ ನನ್ನಂಥವನನ್ನು ಯಾರೂ ಈ ಪ್ರಮಾಣಪತ್ರ ಕೇಳುವುದಿಲ್ಲ. ಆದರೂ ಬೇರೆ ಯಾವ ಅಳತೆಯನ್ನು ನಂಬಲಿ? ಸತುವಿನ ಲೇಪವಿರುವ ನೀರಿನ ಪೈಪನ್ನು ಬೆಸೆದರೆ ಹೊಗೆಯಿಂದ ಜ್ವರ ಬರುತ್ತದೆ ಎಂದು ನೆನಪಿಸಿದಾಗ ಅಣ್ಣ ನಕ್ಕು ಒಪ್ಪಿಕೊಂಡರು. ಆ ಜ್ವರವನ್ನು ಅವರೂ ಕಂಡವರೇ.

ಕೊಳವೆ ಬೆಂಗಳೂರಿನ ಪೀಣ್ಯದಿಂದ ಬಂತು. ಹಣ ಉಳಿಸುವ ದುರಾಸೆಯಿಂದ, ಬಗ್ಗಿಸುವ ಕೆಲಸವನ್ನು ಇಲ್ಲೇ, ಹತ್ತಿರದ ಶೆಡ್ಡೊಂದರ ಹೈಡ್ರಾಲಿಕ್ ಪೈಪ್ ಬೆಂಡರ್‌ನಲ್ಲಿ ಮಾಡಿಸಿದೆ. ಕಮಾನು ಕಣ್ಣಿಗೆ ಅಂದವಾಗಿಯೇ ಇತ್ತು. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದ ನಮ್ಮ ಬೀದಿಯ ಯಜಮಾನರು ಮಾತಾಡದೆ ಜೇಬಿನಿಂದ ವರ್ನಿಯರ್ ತೆಗೆದು ತಿರುವಿನ ಎರಡು ಕಡೆ ಹಿಡಿದರು: ಒಂದು ದಿಕ್ಕಿನಲ್ಲಿ 47.8 ಮಿ.ಮೀ., ಇನ್ನೊಂದು ದಿಕ್ಕಿನಲ್ಲಿ 41.6. ಬಗ್ಗಿಸಿದ ಜಾಗದಲ್ಲಿ ಕಿರಿಯ ವ್ಯಾಸವು ಹಿರಿಯ ವ್ಯಾಸದ 0.9 ಪಟ್ಟಿಗಿಂತ ಕಡಿಮೆಯಾಗಬಾರದು, ನಮ್ಮದು 0.87. ಚಪ್ಪಟೆಯಾದ ತಿರುವು ಎಂದರೆ ಎಲ್ಲಿ ಮಡಚಿಕೊಳ್ಳಬೇಕೆಂದು ಕೊಳವೆಗೆ ನಾವೇ ಗುರುತು ಹಾಕಿಕೊಟ್ಟಂತೆ. ಆ ಕಮಾನು ಈಗ ಶೆಡ್‌ನ ಮೂಲೆಯಲ್ಲಿ ಹಗ್ಗ ನೇತುಹಾಕುವ ಗೂಟವಾಗಿದೆ.

ಜನವರಿ 19

ಸಂಕ್ರಾಂತಿ ಮುಗಿದ ಮೇಲೆ ಎರಡನೆಯ ಕಮಾನನ್ನು ಪೀಣ್ಯದಲ್ಲೇ, ಕೊಳವೆ ಚಪ್ಪಟೆಯಾಗದಂತೆ ಒಳಗೆ ಮ್ಯಾಂಡ್ರೆಲ್ ಎಂಬ ಆಸರೆ ಇಟ್ಟು ಎಳೆದು ಬಗ್ಗಿಸುವ ಯಂತ್ರದಲ್ಲಿ ಮಾಡಿಸಿ ತಂದೆ. ತಿರುವಿನ ತ್ರಿಜ್ಯ ವ್ಯಾಸದ ಮೂರು ಪಟ್ಟು, ಅಂದರೆ 135 ಮಿ.ಮೀ. ಯಜಮಾನರ ವರ್ನಿಯರ್‌ಗೆ ಈ ಬಾರಿ ತಕರಾರು ಇರಲಿಲ್ಲ.

ಫೆಬ್ರವರಿ 2

ಬೇಸರದ ದಿನ. ಮೂರು ವಾರಾಂತ್ಯಗಳಲ್ಲಿ ಮುಖ್ಯ ಕಮಾನು, ಗಾಳಿಗಾಜಿನ ಪಕ್ಕದ ಎರಡು ಮುಂಗಾಲುಗಳು, ಹಿಂದಿನ ಚಕ್ರಗಳ ಗುಮ್ಮಟದತ್ತ ಇಳಿಯುವ ಎರಡು ಆಸರೆಗಳು, ಕಮಾನಿನ ನಡುವೆ ಬಲ ಮೇಲ್ಮೂಲೆಯಿಂದ ಎಡ ಕೆಳಮೂಲೆಗೆ ಹಾಯುವ ಓರೆಕೊಳವೆ, ಮತ್ತು ಹೆಗಲ ಬೆಲ್ಟ್ ಕಟ್ಟಲು ಒಂದು ಅಡ್ಡಕೊಳವೆ, ಇಷ್ಟನ್ನೂ ಟ್ಯಾಕ್ (ತಾತ್ಕಾಲಿಕ ಚುಕ್ಕಿ ಬೆಸುಗೆ) ಹಾಕಿ ನಿಲ್ಲಿಸಿದ್ದೆವು. ಒಂದು ಕೊಳವೆ ಇನ್ನೊಂದನ್ನು ಮುಟ್ಟುವ ಕಡೆ ಮೀನಿನ ಬಾಯಿಯಂತೆ ಕೊರೆಯಬೇಕು. ಕಾಗದದ ಪಟ್ಟಿ ಸುತ್ತಿ ಗುರುತು ಹಾಕಿ, ಹೋಲ್ ಸಾ ಬಿಟ್ಟು, ಅರದಿಂದ ಉಜ್ಜಿ, ಸಂದಿ ಒಂದು ಮಿ.ಮೀ. ಒಳಗೆ ಬರುವ ತನಕ ಬಿಡಲಿಲ್ಲ. ಮಾಡಿದ ಕೆಲಸದ ಬಗ್ಗೆ ಜಂಬವೇ ಬಂದಿತ್ತು.

ಯಜಮಾನರು ಒಂದು ಸುತ್ತು ನೋಡಿ ಕೇಳಿದರು: "ಎಲ್ಲಾ ಸರಿ, ಕುರ್ಚಿ ಎಲ್ಲಪ್ಪಾ? ಕೂರೋನ ಅಳತೆ ಇಲ್ದೆ ಗೂಡು ಕಟ್ಟಿದ್ದೀಯಲ್ಲ."

ಕುರ್ಚಿ ಡಬ್ಬದಲ್ಲೇ ಇತ್ತು. ಬೆನ್ನು ಬಾಗದ, ಹೆಗಲ ಬೆಲ್ಟ್‌ಗೆ ಕಿಂಡಿಗಳಿರುವ ಬಕೆಟ್ ಆಸನವನ್ನು ಜಾರುಹಳಿಗಳ ಮೇಲೆ ಕೂರಿಸಿ, ಹೆಲ್ಮೆಟ್ ಹಾಕಿಕೊಂಡು ಕುಳಿತೆ. ಹೆಲ್ಮೆಟ್ಟಿಗೂ ತಲೆಯ ಮೇಲಿನ ಕೊಳವೆಗೂ ನಡುವೆ ಎರಡು ಬೆರಳೂ ತೂರಲಿಲ್ಲ. ಅಳೆದರೆ 20 ಮಿ.ಮೀ. ಕಾರ್ಖಾನೆಯ ಆಸನದಲ್ಲಿ ತೆಗೆದ ಅಳತೆಯನ್ನೇ ನಂಬಿ ಬೆಸೆದಿದ್ದ ಅಡ್ಡಕೊಳವೆ ಆಸನದ ಕಿಂಡಿಗಳಿಗಿಂತ 130 ಮಿ.ಮೀ. ಕೆಳಗಿತ್ತು. ಕಿಂಡಿಯಿಂದ ಕೊಳವೆಗೆ ಅಡ್ಡ ಅಂತರ 250 ಮಿ.ಮೀ. ಆದ್ದರಿಂದ ಬೆಲ್ಟ್ 27 ಡಿಗ್ರಿಯಷ್ಟು ಇಳಿಜಾರಾಗಿ ಹಿಂದಕ್ಕೆ ಹೋಗುತ್ತಿತ್ತು.

ನಿಯಮದ ಪ್ರಕಾರ ಇದು ತಪ್ಪಲ್ಲ, ಏಕೆಂದರೆ ಹೆಗಲ ಬೆಲ್ಟ್ ಹಿಂದಕ್ಕೆ ಇಳಿಯುವ ಕೋನ 45 ಡಿಗ್ರಿ ಮೀರಬಾರದು ಎಂಬುದಷ್ಟೇ ಕಟ್ಟಳೆ. 10 ಡಿಗ್ರಿಯೊಳಗಿದ್ದರೆ ಒಳಿತು ಎಂಬುದು ಅದರೊಡನೆ ಬರುವ ಶಿಫಾರಸು. ಆದರೆ ಎಳೆತವನ್ನು ಭಾಗ ಮಾಡಿ ನೋಡಿದರೆ ಶಿಫಾರಸಿನ ಅರ್ಥ ತಿಳಿಯುತ್ತದೆ. ಕಾರು ಮುಂದಕ್ಕೆ ಡಿಕ್ಕಿ ಹೊಡೆದಾಗ ಮೈ ಬೆಲ್ಟ್‌ನ ಮೇಲೆ ಬೀಳುತ್ತದೆ. 27 ಡಿಗ್ರಿಯಲ್ಲಿ ಬೆಲ್ಟ್‌ನ ಒಟ್ಟು ಎಳೆತದ ಶೇ. 45ರಷ್ಟು ಹೆಗಲನ್ನು ಕೆಳಕ್ಕೆ ಒತ್ತುತ್ತದೆ, ಅಂದರೆ ಬೆನ್ನುಮೂಳೆಯ ಮಣಿಗಳನ್ನು ಒಂದರ ಮೇಲೊಂದು ಅದುಮುತ್ತದೆ. ಹಿಂದಿನ ಆಸನದ ಬೆಲ್ಟ್ ಬೋಲ್ಟಿಗೆ, ನೆಲದ ಮಟ್ಟದಲ್ಲಿ, ಹಾರ್ನೆಸ್ ಬಿಗಿದ ಕಾರುಗಳನ್ನು ನಾನೇ ಟ್ರ್ಯಾಕ್‌ನಲ್ಲಿ ಕಂಡಿದ್ದೇನೆ. ಅವುಗಳ ಚಾಲಕರಿಗೆ ಕಾರ್ಖಾನೆಯ ಮೂರು-ಬಿಂದು ಬೆಲ್ಟೇ ಹೆಚ್ಚು ಸುರಕ್ಷಿತವಾಗಿತ್ತು ಎಂದು ಈಗ ಅನ್ನಿಸುತ್ತಿದೆ.

ಕೆಲಸದ ಕ್ರಮವನ್ನೇ ನಾನು ತಲೆಕೆಳಗು ಮಾಡಿದ್ದೆ. ಮೊದಲು ಆಸನ, ಆಸನದಲ್ಲಿ ಕುಳಿತವನ ಹೆಗಲಿನಿಂದ ಬೆಲ್ಟ್‌ನ ದಾರಿ, ಅವನ ಹೆಲ್ಮೆಟ್‌ನಿಂದ ಕೊಳವೆಗಳ ದಾರಿ. ಹೀಗೆ ಒಳಗಿನಿಂದ ಹೊರಕ್ಕೆ ಬರಬೇಕಾಗಿತ್ತು. ನಾನು ಖಾಲಿ ಕಾರಿನ ಗೋಡೆಗಳಿಂದ ಒಳಕ್ಕೆ ಬಂದಿದ್ದೆ. ಪೂರ್ತಿ ಬೆಸೆಯದೆ ಟ್ಯಾಕ್ ಮಾತ್ರ ಹಾಕಿದ್ದು ಪುಣ್ಯ.

ಫೆಬ್ರವರಿ 9

ಜಾರುಹಳಿಗಳನ್ನು ಕಿತ್ತೆಸೆದು, ನೆಲಕ್ಕೆ ಅಡ್ಡಲಾಗಿ ಬೆಸೆದ ಎರಡು ಕೊಳವೆಗಳಿಗೆ ಆಸನವನ್ನು ನೇರವಾಗಿ ಬಿಗಿದೆವು. ಆಸನ 45 ಮಿ.ಮೀ. ಇಳಿಯಿತು, ಹೆಲ್ಮೆಟ್‌ನ ಅಂತರ 65 ಮಿ.ಮೀ. ಆಯಿತು. ಇನ್ನು ಈ ಕಾರನ್ನು ನನ್ನ ಎತ್ತರದವರು ಮಾತ್ರ ಓಡಿಸಬಹುದು. ತಮ್ಮನಿಗೆ ಕ್ಲಚ್ ಎಟುಕುವುದಿಲ್ಲ ಎಂಬುದು ಅವನ ದೂರು. ಅಡ್ಡಕೊಳವೆಯನ್ನು ಗ್ರೈಂಡರ್‌ನಿಂದ ಕತ್ತರಿಸಿ 50 ಮಿ.ಮೀ. ಮೇಲಕ್ಕೆ ಏರಿಸಿದೆವು. ಈಗ ಅದು ಕಿಂಡಿಗಿಂತ 35 ಮಿ.ಮೀ. ಕೆಳಗಿದೆ, ಬೆಲ್ಟ್‌ನ ಇಳಿಜಾರು 8 ಡಿಗ್ರಿ.

ಫೆಬ್ರವರಿ 23

ಶಿವರಾತ್ರಿಯ ಸಮಯದ ಸಿದ್ಧಗಂಗೆ ದನಗಳ ಜಾತ್ರೆಗೆ ವೆಲ್ಡಿಂಗ್ ಅಣ್ಣ ಎತ್ತು ನೋಡಲು ಹೋಗಿ ಎರಡು ದಿನ ಬರಲಿಲ್ಲ. ಬಂದ ಮೇಲೆ ಅರ್ಧ ದಿನ ಎತ್ತುಗಳ ಮಾತೇ ಆಯಿತು. ಅನಂತರದ ನಾಲ್ಕು ದಿನ ನಾನು ಅವರ ಕೈಯನ್ನೇ ನೋಡುತ್ತಾ ನಿಂತಿದ್ದೆ.

ಕಷ್ಟದ ಕೆಲಸ ಛಾವಣಿಯ ಹತ್ತಿರದ ಸಂದಿಗಳು. ಕೊಳವೆ ತಗಡಿಗೆ ಎಷ್ಟು ಒತ್ತಿಕೊಂಡಿದ್ದರೆ ಅಷ್ಟು ಒಳ್ಳೆಯದು, ಆದರೆ ಒತ್ತಿಕೊಂಡಿದ್ದರೆ ಮೇಲ್ಭಾಗಕ್ಕೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ. ಕಾಣುವ ಮುಕ್ಕಾಲು ಸುತ್ತನ್ನು ಬೆಸೆದು ಉಳಿದದ್ದಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಕೇಜ್‌ಗಳೂ ಇವೆ. ನಾವು ಮಾಡಿದ್ದು ಹೀಗೆ: ಕಮಾನಿನ ಮತ್ತು ಮುಂಗಾಲುಗಳ ಪಾದ ಕೂರುವ ಕಡೆ ನೆಲದಲ್ಲಿ ತೂತು ಕೊರೆದು, ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ಎತ್ತಿ ನಿಲ್ಲಿಸಿ, ಟ್ಯಾಕ್ ಹಾಕಿದ ಇಡೀ ಚೌಕಟ್ಟನ್ನು ಆ ತೂತುಗಳ ಮೂಲಕ ಒಂದು ಗೇಣು ಕೆಳಕ್ಕೆ ಇಳಿಸಿದೆವು. ಛಾವಣಿಗೂ ಕೊಳವೆಗೂ ನಡುವೆ ಕೈ, ಟಾರ್ಚ್, ಕಣ್ಣು ಮೂರಕ್ಕೂ ಜಾಗ ಸಿಕ್ಕಿತು. ಮೇಲಿನ ಸಂದಿಗಳನ್ನೆಲ್ಲ ಪೂರ್ತಿ ಸುತ್ತ ಬೆಸೆದ ಮೇಲೆ ಜಾಕ್‌ನಿಂದ ಚೌಕಟ್ಟನ್ನು ಮತ್ತೆ ಎತ್ತಿ, ತೂತುಗಳ ಮೇಲೆ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ.ಗೆ ಕಡಿಮೆಯಿಲ್ಲದ ಫಲಕಗಳನ್ನು ಬೆಸೆದು, ಅವುಗಳ ಮೇಲೆ ಕಾಲುಗಳನ್ನು ನಿಲ್ಲಿಸಿದೆವು. ಎಸ್ಟೀಮ್‌ನ ನೆಲದ ತಗಡು ಒಂದು ಮಿ.ಮೀ.ಗಿಂತ ತೆಳು, ಫಲಕವಿಲ್ಲದಿದ್ದರೆ ಮಗುಚಿದಾಗ ಕೊಳವೆ ಡಬ್ಬಕ್ಕೆ ಹೊಡೆದ ಮೊಳೆಯ ಹಾಗೆ ನೆಲವನ್ನು ತೂರಿ ಹೋಗುತ್ತದೆ. ಪಕ್ಕದ ಸಿಲ್‌ಗೂ (ಬಾಗಿಲಿನ ಕೆಳಗಿನ ಹೊಸ್ತಿಲಿಗೂ) ಹತ್ತುವಂತೆ ಫಲಕವನ್ನು ಎಲ್ ಆಕಾರಕ್ಕೆ ಮಡಚಿದ್ದು ಅಣ್ಣನ ಸ್ವಂತ ಆಲೋಚನೆ. ಲಾರಿ ಬಾಡಿಯ ಅನುಭವ ಇಲ್ಲಿ ಕೆಲಸಕ್ಕೆ ಬಂತು.

ಮಾರ್ಚ್ 9

ಹಾರ್ನೆಸ್. ಮೊದಲು ಅಗ್ಗಕ್ಕೆ ಆನ್‌ಲೈನ್‌ನಲ್ಲಿ ತರಿಸಿದ್ದ ನಾಲ್ಕು-ಬಿಂದು ಬೆಲ್ಟ್ ಒಂದಿತ್ತು. ಮಾನ್ಯತೆಯ ಲೇಬಲ್ ಇಲ್ಲ, ಹೊಲಿಗೆ ಶಾಲಾ ಚೀಲದ ಹೊಲಿಗೆಯಂತಿದೆ. ಅದೀಗ ಚೌಕಟ್ಟನ್ನು ಎತ್ತಿ ಕಟ್ಟುವ ಹಗ್ಗವಾಗಿ ನಿಷ್ಠೆಯಿಂದ ದುಡಿಯುತ್ತಿದೆ. ಈಗ ತಂದಿರುವುದು ಎಫ್‌ಐಎ 8853-2016 ಲೇಬಲ್ ಹೊಲಿದ ಆರು-ಬಿಂದು ಬೆಲ್ಟ್. ಅದರ ಮೇಲೆ ಮಾನ್ಯತೆ ಮುಗಿಯುವ ವರ್ಷವೂ ಅಚ್ಚಾಗಿದೆ. ಬಿಸಿಲಿಗೆ ಬೆಲ್ಟ್‌ನ ನೂಲು ಬಲ ಕಳೆದುಕೊಳ್ಳುವುದರಿಂದ ಕಾರು ನಿಂತಾಗಲೆಲ್ಲ ಬಟ್ಟೆ ಹೊದಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ.

ನಾಲ್ಕರ ಬದಲು ಆರು ಏಕೆ ಎಂದು ತಮ್ಮ ಕೇಳಿದ. ಹೆಗಲ ಬೆಲ್ಟ್‌ಗಳನ್ನು ಬಿಗಿದಂತೆ ನಡುವಿನ ಬಕಲ್ ಮೇಲಕ್ಕೆ ಏರುತ್ತದೆ, ಅದರೊಡನೆ ಸೊಂಟದ ಪಟ್ಟಿಯೂ ಕಟಿಯ ಮೂಳೆಯನ್ನು ಬಿಟ್ಟು ಮೆತ್ತನೆಯ ಹೊಟ್ಟೆಗೆ ಏರುತ್ತದೆ. ಡಿಕ್ಕಿಯಾದಾಗ ಮೈ ಪಟ್ಟಿಯ ಅಡಿಯಿಂದ ಮುಂದಕ್ಕೆ ಜಾರಿ, ಪಟ್ಟಿ ಕರುಳಿನ ಮೇಲೆ ಕೂರುತ್ತದೆ. ತೊಡೆಗಳ ನಡುವಿನಿಂದ ಬರುವ ಐದನೆಯ ಮತ್ತು ಆರನೆಯ ಪಟ್ಟಿಗಳು ಬಕಲ್ಲನ್ನು ಕೆಳಗೆ ಹಿಡಿದಿಡುತ್ತವೆ. ಅದರಿಂದಲೇ ಬಿಗಿಯುವ ಕ್ರಮ ಸೊಂಟ ಮೊದಲು, ಹೆಗಲು ಕೊನೆಗೆ.

ಸೊಂಟದ ಪಟ್ಟಿಗಳ ಐ-ಬೋಲ್ಟ್‌ಗಳಿಗೆ (ತಲೆಯಲ್ಲಿ ಉಂಗುರವಿರುವ ಬೋಲ್ಟ್‌ಗಳಿಗೆ) ನೆಲದಲ್ಲಿ 3 ಮಿ.ಮೀ. ದಪ್ಪ, 40 ಚದರ ಸೆಂ.ಮೀ.ಗೂ ಹೆಚ್ಚು ವಿಸ್ತಾರದ ಫಲಕ ಬೆಸೆದಿದ್ದೇವೆ. ಬೋಲ್ಟ್ 7/16 ಇಂಚಿನದು, ಇಂಚಿಗೆ 20 ಎಳೆ. ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ "ಎರಡೂ ಒಂದೇ ಸಾರ್" ಎಂದು 12 ಮಿ.ಮೀ. ನಟ್ಟನ್ನು ಕೊಟ್ಟರು. ಒಂದೇ ಅಲ್ಲ, ಎರಡು ಸುತ್ತು ಹೋಗಿ ಕಚ್ಚಿಕೊಂಡು ನಿಂತಿತು. ಹೆಗಲ ಪಟ್ಟಿಗಳನ್ನು ಅಡ್ಡಕೊಳವೆಗೆ ಸುತ್ತಿ, ಮೂರು ಕಡ್ಡಿಯ ಬಿಲ್ಲೆಯಲ್ಲಿ ಹಿಂತಿರುಗಿಸಿ ಪೋಣಿಸಿದ್ದೇವೆ. ಅವು ಪಕ್ಕಕ್ಕೆ ಸರಿಯದಂತೆ ಎರಡೂ ಬದಿಗೆ ಸಣ್ಣ ಉಂಗುರಗಳಿವೆ.

ಮಾರ್ಚ್ 16

ಬೆಲ್ಟ್ ಪೂರ್ತಿ ಬಿಗಿದು ಕುಳಿತಾಗ ಹೊಸದೊಂದು ತೊಂದರೆ ತಿಳಿಯಿತು: ಬ್ಯಾಟರಿ ಕಡಿತದ ಸ್ವಿಚ್ ಕೈಗೆ ಎಟುಕುವುದಿಲ್ಲ. ಸಡಿಲ ಬೆಲ್ಟ್‌ನಲ್ಲಿ ಎಟುಕುತ್ತಿತ್ತು. ಸ್ವಿಚ್ಚನ್ನು ಗೇರ್ ಕಡ್ಡಿಯ ಹಿಂದಕ್ಕೆ, ಬೆಂಕಿ ಆರಿಸುವ ಸಿಲಿಂಡರ್ ಅನ್ನು ಎಡ ತೊಡೆಯ ಪಕ್ಕಕ್ಕೆ ಸರಿಸಿದೆ. ಬಾಗಿಲಿನ ಅಡ್ಡ ಕೊಳವೆಗಳನ್ನು ದಾಟಿ ಹೊರಬರಲು ಮೊದಲ ಸಲ 19 ಸೆಕೆಂಡ್ ಬೇಕಾಯಿತು, ಹತ್ತನೆಯ ಸಲ 9. ಹೆಲ್ಮೆಟ್ ಎಟುಕುವ ಎಲ್ಲ ಕೊಳವೆಗಳಿಗೂ ಗಟ್ಟಿ ಫೋಮ್ ಹೊದಿಸಲಾಗಿದೆ. ಎಸಿ ಪೈಪ್‌ಗೆ ಸುತ್ತುವ ಮೆತ್ತನೆಯ ಕಪ್ಪು ಫೋಮ್ ಹೆಲ್ಮೆಟ್‌ನ ಪೆಟ್ಟನ್ನು ತಡೆಯುವುದಿಲ್ಲ. ಕೊಳವೆಯ ಉದ್ದ ಕೂಡಿಸಿ ಲೆಕ್ಕ ಹಾಕಿದರೆ ಫಲಕಗಳೂ ಸೇರಿ ಕೇಜ್‌ನ ತೂಕ ಸುಮಾರು 50 ಕೆ.ಜಿ.

ಮಾರ್ಚ್ 23

ಬಣ್ಣಕ್ಕೆ ಮೊದಲು ಯಜಮಾನರ ಪರೀಕ್ಷೆ. ಪ್ರತಿ ಬೆಸುಗೆಗೂ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ ಒಣಗಿಸಿ, ಮೇಲೆ ತೆಳುವಾಗಿ ಸುಣ್ಣ ಬಳಿದರು. ಬಿರುಕಿನಲ್ಲಿ ಇಳಿದ ಎಣ್ಣೆ ಹೊರಬಂದು ಬಿಳಿ ಸುಣ್ಣದ ಮೇಲೆ ಗೆರೆಯಾಗಿ ಕಾಣುತ್ತದೆ. ಎಲ್ಲ ಬೆಸುಗೆಗಳಲ್ಲಿ ಒಂದೇ ಒಂದು ಗೆರೆ ಮೂಡಿತು, ಎಡ ಮುಂಗಾಲಿನ ಪಾದದಲ್ಲಿ, ಉಗುರಿನಷ್ಟು ಉದ್ದ. ಅಣ್ಣ ಮಾತಾಡದೆ ಗ್ರೈಂಡರ್ ಹಿಡಿದು ಬೆಸುಗೆಯನ್ನು ಬುಡದವರೆಗೆ ತೆಗೆದು ಹೊಸದಾಗಿ ಹಾಕಿದರು. ಸುಣ್ಣ ಒಣಗುತ್ತಿದೆ, ನಾಳೆ ಬೆಳಗ್ಗೆ ಮತ್ತೆ ನೋಡಿ, ಗೆರೆ ಇಲ್ಲದಿದ್ದರೆ ಪ್ರೈಮರ್ ಹೊಡೆಯುತ್ತೇವೆ.