ಆರ್‌ಐಇ ಹಾಸ್ಟೆಲಿನ ನಮ್ಮ ರೂಮು

ನಾನು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ, ಅಂದರೆ ಆರ್‌ಐಇಗೆ, ಬಿ.ಎಸ್‌ಸಿ.ಎಡ್ ಓದಲು ಸೇರಿದ್ದು 2011ರಲ್ಲಿ. 1963ರಲ್ಲಿ ಶುರುವಾದ ಈ ಸಂಸ್ಥೆಗೆ ದಕ್ಷಿಣದ ಎಲ್ಲ ರಾಜ್ಯಗಳವರೂ ಬರುತ್ತಾರೆ. ಪುದುಚೇರಿ, ಲಕ್ಷದ್ವೀಪದವರೂ ಬರುತ್ತಾರೆ. ಅರಸೀಕೆರೆಯ ನನಗೆ ತಮಿಳರು, ತೆಲುಗರು ಸಿನಿಮಾದಿಂದಾದರೂ ಗೊತ್ತಿದ್ದರು. ಲಕ್ಷದ್ವೀಪ ಅಂದರೆ ಭೂಪಟದ ಮೂಲೆಯ ಚುಕ್ಕೆಗಳು, ಅಷ್ಟೆ.

ರೂಮಿನಲ್ಲಿ ನಾವು ನಾಲ್ವರು. ಮಂಡ್ಯದವಳೊಬ್ಬಳು, ತಂಜಾವೂರಿನವಳೊಬ್ಬಳು, ಲಕ್ಷದ್ವೀಪದ ಅಮಿನಿ ದ್ವೀಪದವಳೊಬ್ಬಳು, ನಾನು. ಮಾತೆಲ್ಲ ಹರುಕು ಮುರುಕು ಇಂಗ್ಲಿಷಿನಲ್ಲಿ.

ಮೊದಲ ವರ್ಷ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ನಾನು ಗೈಡಿನ ಹಾಗೆ ಟಿಪ್ಪು ಕಥೆ ಹೇಳುತ್ತಿದ್ದೆ. ಅಮಿನಿಯವಳು ನಡುವೆ ತಡೆದು, "ನಮ್ಮನ್ನೂ ಇಲ್ಲಿಂದಲೇ ಆಳಿದ್ದು ಕಣೇ" ಅಂದಳು. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಸಾಕಾಗಿ 1783ರಲ್ಲಿ ಅಮಿನಿಯ ಜನ ಟಿಪ್ಪುವಿನ ಮೊರೆ ಹೋದರಂತೆ. ಹಾಗೆ ಅಮಿನಿ ಗುಂಪಿನ ದ್ವೀಪಗಳು ಅವನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಪಾಲಾದವು. ಆಮೇಲೆ 1956ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು! ಅವಳ ತಾತ ಹಾಯಿ ಹಡಗಿನಲ್ಲಿ ತೆಂಗಿನ ನಾರು, ಕೊಬ್ಬರಿ ತಂದು ಮಂಗಳೂರಿನಲ್ಲಿ ಮಾರಿ, ಅಕ್ಕಿ ಒಯ್ಯುತ್ತಿದ್ದರಂತೆ. ಹನ್ನೆರಡು ವರ್ಷ ಕರ್ನಾಟಕದ ಪಠ್ಯ ಓದಿದವಳು ನಾನು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಕಾಲೇಜಿನಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳೂ ಇರುತ್ತಿದ್ದವು. ಒಂದು ರಾಜ್ಯದವರ ತಿರುವಾದಿರ, ಇನ್ನೊಂದು ರಾಜ್ಯದವರ ಕೋಲಾಟ, ಕೊನೆಗೆ ಗ್ರೂಪ್ ಫೋಟೊ. ಚೆನ್ನಾಗಿಯೇ ಇರುತ್ತಿತ್ತು. ಆದರೆ ರೇಷ್ಮೆ ಸೀರೆ ಉಟ್ಟವರ ಜೊತೆ ಯಾರೂ ಜಗಳ ಆಡುವುದಿಲ್ಲ, ಅಲ್ವಾ? ನಮಗೆ ಜಗಳ ಬೇಕಿತ್ತು. ಅದು 2012ರ ಸೆಪ್ಟೆಂಬರ್‌ನಲ್ಲಿ ಬಂತು.

ಆ ವರ್ಷ ಮಳೆ ಕೈಕೊಟ್ಟಿತ್ತು. ತಮಿಳುನಾಡಿಗೆ ದಿನವೂ 9,000 ಕ್ಯೂಸೆಕ್‌ನಂತೆ (ಸೆಕೆಂಡಿಗೆ 9,000 ಘನ ಅಡಿ) ನೀರು ಬಿಡಿ ಅಂತ ಕಾವೇರಿ ನದಿ ಪ್ರಾಧಿಕಾರ ಹೇಳಿತು. ಅಕ್ಟೋಬರ್ 6ಕ್ಕೆ ಕರ್ನಾಟಕ ಬಂದ್. ಮಂಡ್ಯದವಳ ಅಪ್ಪ ವಿಶ್ವೇಶ್ವರಯ್ಯ ನಾಲೆ ಕೆಳಗಿನ ರೈತರು, ರಸ್ತೆಯಲ್ಲಿ ಕೂತಿದ್ದರು. ತಂಜಾವೂರಿನವಳನ್ನು "ತಕ್ಷಣ ಊರಿಗೆ ಬಾ" ಅಂತ ಮನೆಯವರು ಕರೆಯುತ್ತಿದ್ದರು. ಬಸ್ಸಿರಲಿಲ್ಲ. ಇಬ್ಬರೂ ಎರಡು ದಿನ ಮಾತು ಬಿಟ್ಟರು. ಮೆಸ್ಸಿನಲ್ಲಿ ಸಾಂಬಾರಿನ ಬಕೆಟ್ ದಾಟಿಸಲೂ ನಾನೇ ನಡುವೆ ಕೂರಬೇಕಿತ್ತು.

ಮೂರನೇ ರಾತ್ರಿ ಸ್ಫೋಟವಾಯಿತು. "ಕೆಆರ್‌ಎಸ್ ಮಟ್ಟ ನೋಡದೆ ನಮ್ಮಪ್ಪ ಕಾಫಿ ಕುಡಿಯಲ್ಲ, ಗೊತ್ತಾ?" ಅಂದಳು ಮಂಡ್ಯದವಳು. "ಜೂನ್ 12ಕ್ಕೆ ತೆಗೆಯಬೇಕಾದ ಮೆಟ್ಟೂರು ಅಣೆಕಟ್ಟನ್ನು ಸೆಪ್ಟೆಂಬರ್‌ಗೆ ತೆಗೆದರು. ನಮ್ಮ ಕುರುವೈ ಭತ್ತದ ಬೆಳೆ ನಾಟಿಯೇ ಆಗಲಿಲ್ಲ, ಗೊತ್ತಾ?" ಅಂದಳು ಅವಳು. ಇಬ್ಬರಿಗೂ ಗೊತ್ತಿರಲಿಲ್ಲ. ನನಗಂತೂ ಎರಡೂ ಗೊತ್ತಿರಲಿಲ್ಲ. ಆಮೇಲೆ ಬೆಳಗಿನ ಜಾವದವರೆಗೆ ಮಾತು. ಎಕರೆಗೆ ಎಷ್ಟು ನೀರು, ಸಾಲ ಎಷ್ಟು, ಬೋರ್‌ವೆಲ್ ಇದೆಯಾ, ಎಲ್ಲ. ಯಾರು ಸರಿ ಅನ್ನುವುದರಲ್ಲಿ ಮಾತ್ರ ಒಬ್ಬರೂ ಸೋಲಲಿಲ್ಲ.

ಅಮಿನಿಯವಳು ಸುಮ್ನೆ ಕೇಳುತ್ತಿದ್ದಳು. ಕೊನೆಗೆ, "ನಮ್ಮಲ್ಲಿ ನದಿಯೇ ಇಲ್ಲವಲ್ಲ" ಅಂದಳು. ಹವಳದ ಮರಳಿನ ಕೆಳಗೆ ಉಪ್ಪುನೀರಿನ ಮೇಲೆ ಮಳೆನೀರು ತೆಳ್ಳಗೆ ತೇಲುತ್ತದಂತೆ. ಬಾವಿಗೆ ಪಂಪು ಹಾಕಿ ಜಾಸ್ತಿ ಎಳೆದರೆ ಸಮುದ್ರವೇ ಮೇಲೆ ಬರುತ್ತದಂತೆ. ಮುಂದೆ ಅವಳು ಕ್ಯಾಂಪಸ್ಸಿನಲ್ಲೇ ಇರುವ ಡಿಎಂ (ಪ್ರಾತ್ಯಕ್ಷಿಕೆ) ಶಾಲೆಯಲ್ಲಿ ಅಭ್ಯಾಸ ಪಾಠಕ್ಕೆ ಇದನ್ನೇ ಆರಿಸಿಕೊಂಡಳು. ನೀರು ಅಂದರೆ ಕಾವೇರಿ ಅಂತಲೇ ತಿಳಿದಿದ್ದ ಎಂಟನೇ ಕ್ಲಾಸಿನ ಮಕ್ಕಳು ಗಂಟೆ ಹೊಡೆದರೂ ಅವಳನ್ನು ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಗಮನಿಸುವ ಕೆಲಸ ನನ್ನದು. ಹಾಳೆ ತುಂಬಿಸುವುದನ್ನೇ ಮರೆತಿದ್ದೆ.

ಈಗ ನಾಲ್ವರೂ ಮೇಷ್ಟ್ರ ಕೆಲಸದಲ್ಲಿದ್ದೇವೆ. ಜೂನ್ ಬಂದರೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಕೆಆರ್‌ಎಸ್ ಮಟ್ಟ, ಮೆಟ್ಟೂರು ಮಟ್ಟ ಎರಡೂ ಬರುತ್ತವೆ, ಬೈಗುಳದ ಸಮೇತ.

ಸಂಪಾದಕರಲ್ಲಿ ಒಂದು ಕೋರಿಕೆ. ಹಳೆ ವಿದ್ಯಾರ್ಥಿಗಳ ಕೂಟ ಇಡುವುದಾದರೆ ದಯವಿಟ್ಟು ಮಳೆಗಾಲ ಬಿಟ್ಟು ಇಡಿ. ಆ ತಿಂಗಳುಗಳಲ್ಲಿ ಅಮಿನಿಯಿಂದ ಹೊರಡುವ ಹಡಗನ್ನು ನೆಚ್ಚಿಕೊಳ್ಳುವಂತಿಲ್ಲ.